ಹೆಸರಿನಲ್ಲಿದ್ದ ಮನೆ

ಹುಬ್ಬಳ್ಳಿಯ ದೀಪದ ಕಂಬಗಳು ಮಾತಾಡಲು ಶುರುಮಾಡಿದಾಗ ಜನ ಕೆಲವು ವಾರ ನಿಂತು ನೋಡಿದರು, ಆಮೇಲೆ ಮರೆತರು. ಕಂಬಗಳು ಎಲ್ಲರೊಡನೆ ಮಾತಾಡುತ್ತಿರಲಿಲ್ಲ. ನಡೆದು ಹೋಗುವವರು, ಬಸ್ಸಿಗೆ ಕಾಯುವವರು, ಬೀಡಾ ಅಂಗಡಿಯ ಮುಂದೆ ಹರಟುವವರು ಅವುಗಳ ಗಮನಕ್ಕೆ ಬರುತ್ತಿರಲಿಲ್ಲ. ಮನುಷ್ಯನೊಬ್ಬ ಬೀದಿಯ ಕಲ್ಲಿನ ಮೇಲೆ ಮೈಚಾಚಿ, ಇಲ್ಲವೇ ಕೂತು, ಬಹಳ ಹೊತ್ತು ಹಾಗೆಯೇ ಉಳಿದರೆ ಮಾತ್ರ ಹತ್ತಿರದ ಕಂಬ ಮೆಲ್ಲಗೆ ಕೇಳುತ್ತಿತ್ತು: "ಊಟ ಆತೇನ್ರಿ?"

ಅದರ ಹಿಂದಿನ ವಿಜ್ಞಾನ ಹೊಸದೇನಲ್ಲ. ಬಿಸಿಯಿರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸೂಸುತ್ತಿರುತ್ತದೆ. ಕಂಬದ ನೆತ್ತಿಯಲ್ಲಿದ್ದ, ತೊಗರಿಬೇಳೆಯಷ್ಟು ಅಗಲದ ಒಂದು ಹರಳು ಆ ಬೆಳಕನ್ನು ಗುರುತಿಸುತ್ತಿತ್ತು. ಉಸಿರಾಡುವಾಗ ಎದೆ ಏರಿಳಿದಂತೆ ಆ ಬಿಸಿಯೂ ತುಸು ನಡುಗುತ್ತದೆ. ನಾಯಿಯ ಉಸಿರಿನ ಲಯ ಬೇರೆ, ದನದ್ದು ಬೇರೆ, ಮಲಗಿದ ಮನುಷ್ಯನದು ಬೇರೆ. ಕಂಬಕ್ಕೆ ಮುಖ ಕಾಣುತ್ತಿರಲಿಲ್ಲ, ಕಾಣಬಾರದು ಎಂದೇ ಹಾಗೆ ಮಾಡಿದ್ದರು. ಒಬ್ಬರನ್ನು ಅದು ಗುರುತು ಹಿಡಿಯುತ್ತಿದ್ದುದು ದನಿಯಿಂದ ಮಾತ್ರ. ಅವರ ಬಗ್ಗೆ ಅದಕ್ಕೆ ತಿಳಿದಿರುತ್ತಿದ್ದುದು ಅವರೇ ಬಾಯಿಬಿಟ್ಟು ಹೇಳಿದಷ್ಟು. ಹೇಳಿದ ಮೇಲೆ ಹತ್ತಿರದ ಯಾವ ಗೂಡಿನಲ್ಲಿ ಹಾಸಿಗೆ ಖಾಲಿ ಇದೆ, ಯಾವ ದಾರಿಯಲ್ಲಿ ಹೋಗಬೇಕು ಎಂದು ತಿಳಿಸುತ್ತಿತ್ತು.

ಗೂಡು ಎಂದರೆ ಹಳೆಯ ಸರಕು ಪೆಟ್ಟಿಗೆಗಳನ್ನು ಜೋಡಿಸಿ ಮಾಡಿದ ಸಣ್ಣ ವಸತಿ. ಒಳಗೆ ಕೆಲವು ಮಂಚ, ಒಂದು ಬಚ್ಚಲು, ಬಿಸಿನೀರು. ಕಾವಲಿಗೆ ಯಾರೂ ಇಲ್ಲ. ಬಾಗಿಲೇ ಕಾವಲು. ಅದೂ ಕಂಬದ ದನಿಯಲ್ಲೇ ಮಾತಾಡಿ, ಹಾಸಿಗೆ ಹಂಚಿ, ತೆರೆದುಕೊಳ್ಳುತ್ತಿತ್ತು. ಈ ಏರ್ಪಾಡಿಗೆಲ್ಲ ಸೇರಿಸಿ 'ನೆರಳು' ಎಂದು ಹೆಸರಿಟ್ಟಿದ್ದರು.

ಫಕ್ಕೀರಪ್ಪನಿಗೆ ಕಂಬದ ಮಾತು ಇಷ್ಟವಾಗಿತ್ತು. ಅವನು ದುರ್ಗದಬೈಲಿನ ಹತ್ತಿರದ ಒಂದು ಖಾನಾವಳಿಯಲ್ಲಿ ತಲೆಗೂದಲು ಕಪ್ಪಿದ್ದಾಗ ರೊಟ್ಟಿ ಬಡಿಯಲು ಸೇರಿದವನು, ಬೆಳ್ಳಗಾಗುವ ತನಕ ಅಲ್ಲೇ ಹಿಟ್ಟಿನ ಚೀಲಗಳ ಪಕ್ಕದಲ್ಲಿ ಮಲಗಿದವನು. ರಸ್ತೆ ಅಗಲ ಮಾಡುವಾಗ ಖಾನಾವಳಿ ಹೋಯಿತು. ಮಾಲೀಕ ಮಗಳ ಊರಿಗೆ ಹೋದ. ಕೆಲಸ ಹೋದದ್ದು ಫಕ್ಕೀರಪ್ಪನಿಗೆ ಮೊದಲ ದಿನವೇ ತಿಳಿಯಿತು. ಮಲಗುವ ಜಾಗವೂ ಅದರೊಂದಿಗೇ ಹೋಯಿತು ಎಂಬುದು ತಿಳಿದದ್ದು ಸಂಜೆಯಾದಾಗ.

"ಊಟ ಆತೇನ್ರಿ?" ಎಂದು ಕಂಬ ಮೊದಲ ಸಲ ಕೇಳಿದಾಗ ಅವನು ಎದ್ದು ಕೂತು ಸುತ್ತಲೂ ನೋಡಿದ್ದ. ಜನ್ಮವಿಡೀ ಅವನು ಬೇರೆಯವರನ್ನು ಕೇಳುತ್ತ ಬಂದ ಪ್ರಶ್ನೆ ಅದು.

"ಆತ್ರಿ. ನಿಮ್ದು?"

"ನನಗ ಊಟ ಇಲ್ರಿ, ಕರೆಂಟಿನ ಮ್ಯಾಲ ಇರ್ತೇನಿ. ನಿಮ್ಮ ಹೆಸರೇನ್ರಿ?"

"ಫಕ್ಕೀರಪ್ಪ ಅಂತಾರ."

ಹೀಗೆ ಅವನಿಗೆ ಸಂತೆಯ ಮೈದಾನದ ಪಕ್ಕದ ಗೂಡಿನಲ್ಲಿ ಹಾಸಿಗೆ ಸಿಕ್ಕಿತು. ಮಳೆಗಾಲ ಅಲ್ಲೇ ಕಳೆಯಿತು. ಬೆಳಿಗ್ಗೆ ಯಾವುದಾದರೂ ಮದುವೆಯ ಅಡುಗೆಗೆ ಹೋಗುವುದು, ಸಂಜೆ ಬಾಗಿಲಿಗೆ ಹೆಸರು ಹೇಳಿ ಒಳಗೆ ಬರುವುದು. ಬಾಗಿಲು ಪ್ರತಿ ಸಂಜೆಯೂ ಎಲ್ಲರನ್ನೂ ಹೊಸದಾಗಿ ವಿಚಾರಿಸಿಕೊಳ್ಳುತ್ತಿತ್ತು. ಅವನೂ ಬೇಸರವಿಲ್ಲದೆ ಉತ್ತರಿಸುತ್ತಿದ್ದ.

ಚಳಿ ಶುರುವಾಗುವ ಹೊತ್ತಿಗೆ ಅದೇ ಗೂಡಿಗೆ ಇನ್ನೊಬ್ಬ ಫಕ್ಕೀರಪ್ಪ ಬಂದ. ಶಿರಹಟ್ಟಿ ಕಡೆಯವನು, ಹಮಾಲಿ, ಮಾತಿನಲ್ಲಿ ಚುರುಕು. ದನಿ ಬೇರೆಯಾದರೂ ಬಾಗಿಲು ಹಾಸಿಗೆ ಹಂಚುತ್ತಿದ್ದುದು ಹೆಸರಿನ ಮೇಲೆ, ಹಾಗಾಗಿ ಅವನ ಹಾಸಿಗೆ ಇವನಿಗೆ, ಇವನದು ಅವನಿಗೆ ಹೋಗತೊಡಗಿತು.

"ಕಾಕಾ, ಹಿಂಗಾದ್ರ ನಾಳೆ ನೀ ಸತ್ತ್ರ ನನ್ನ ಹೂಳ್ತಾರ," ಎಂದ ಹಮಾಲಿ. "ಅಡ್ಡಹೆಸರ ಸೇರಿಸಿ ಹೇಳು. ನಂದು ಬಡಿಗೇರ. ನಿಂದೇನು?"

"ಹೊಸಮನಿ."

"ಛಲೋ ಅದ ನೋಡು. ಹಂಗ ಹೇಳು ಅದಕ್ಕ."

ಮರುದಿನ ಸಂಜೆ ಅವನು ಬಾಗಿಲ ಮುಂದೆ ನಿಂತು ಟೊಪ್ಪಿಗೆ ತೆಗೆದು, ಸ್ಪಷ್ಟವಾಗಿ ಹೇಳಿದ: "ಫಕ್ಕೀರಪ್ಪ, ಹೊಸಮನಿ."

ಬಾಗಿಲು ಸ್ವಲ್ಪ ಹೊತ್ತು ಯೋಚಿಸಿತು. "ಹೊಸ ಮನಿ ಆತಂತ ಕೇಳಿ ಭಾಳ ಸಂತೋಷ ಆತ್ರಿ ಫಕ್ಕೀರಪ್ಪನವರ. ನಿಮ್ಮ ಹಾಸಿಗಿ ಬ್ಯಾರೆದವ್ರಿಗೆ ಕೊಡ್ತೇನಿ. ಛಲೋ ಆಗ್ಲಿ."

ಫಕ್ಕೀರಪ್ಪ ನಕ್ಕ. "ಏ, ಅದು ನನ್ನ ಹೆಸರೋ."

"ಹೌದ್ರಿ, ಮನಿ ನಿಮ್ಮ ಹೆಸರಿಲೇ ಅದ."

"ಮನಿ ಅಲ್ಲ, ಹೊಸಮನಿ."

"ತಿಳೀತ್ರಿ, ಹೊಸಾದು."

ಬಡಿಗೇರ ಒಳಗಿನಿಂದ ಬಾಗಿಲು ತಳ್ಳಿ ಅವನನ್ನು ಕರೆದುಕೊಂಡ. ಆದರೆ ಒಳಗೆ ಒಂದು ಮೈ ಹೆಚ್ಚಾದದ್ದು ಗೂಡಿಗೆ ಗೊತ್ತಾಯಿತು. ಅದು ಬೈಯಲಿಲ್ಲ. ಬೈಯಲು ಅದಕ್ಕೆ ಕಲಿಸಿರಲಿಲ್ಲ. "ಫಕ್ಕೀರಪ್ಪನವರ, ಮನ್ಯಾಗ ಕಾಯ್ತಿರ್ತಾರ, ಹೋಗ್ರಿ," ಎಂದು ಮೆಲ್ಲಗೆ ಹೇಳುವುದು, ತುಸು ಬಿಟ್ಟು ಮತ್ತೆ ಅದನ್ನೇ ಹೇಳುವುದು. ದಿನವಿಡೀ ಚೀಲ ಹೊತ್ತು ಬಂದವರು ಹೊರಳಾಡಿದರು. ಯಾರೂ ಅವನಿಗೆ ಏನೂ ಅನ್ನಲಿಲ್ಲ. ಅವನೇ ಎದ್ದು ಹೊದಿಕೆ ಮಡಚಿ ಹೊರಗೆ ಬಂದು ಬಾಗಿಲ ಮುಂದಿನ ಮೆಟ್ಟಿಲಿನ, ಆ ಕಲ್ಲಿನ ಪಾವಟಿಗೆಯ ಮೇಲೆ ಮಲಗಿದ.

ಆಮೇಲಿನ ದಿನಗಳಲ್ಲಿ ಬೇರೆ ಗೂಡಿಗೂ ಹೋಗಿ ನೋಡಿದ. ಅಲ್ಲಿಯೂ ಬಾಗಿಲು ಅವನ ದನಿ ಗುರುತಿಸಿ ಶುಭ ಕೋರಿತು. ಸಹಾಯವಾಣಿಯ ದನಿಯೂ ಅದೇ. ಎಲ್ಲ ಕಂಬಗಳಿಗೂ ಸುದ್ದಿ ತಿಳಿದಿತ್ತು. ಕೊನೆಗೆ ಅವನು ಹಾಸಿಗೆ ಕೇಳುವುದನ್ನೇ ಬಿಟ್ಟು, ಪರಿಚಯದ ಜಾಗವೆಂದು ಮೊದಲಿನ ಪಾವಟಿಗೆಗೇ ಮರಳಿದ.

*

ನೆರಳಿನ ನಿಯಂತ್ರಣ ಕೊಠಡಿಯಲ್ಲಿ ಬೆಳಗಿನ ಪಾಳಿ ಕೋಮಲಾಳದು. ನಾಗಮಂಗಲದ ಕಡೆಯವಳು, ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಕಂಬಗಳು ಏನು ಕೇಳಬೇಕು, ಉತ್ತರದಲ್ಲಿ ಏನನ್ನು ಆರಿಸಿಕೊಳ್ಳಬೇಕು ಎಂಬುದನ್ನು ಬರೆದವಳು ಅವಳೇ. ಮಾತಿನ ಧಾಟಿಯನ್ನು ಇಲ್ಲಿಯದಾಗಿ ತಿದ್ದಿಕೊಟ್ಟವನು ಪಕ್ಕದ ಮೇಜಿನ ಅಲ್ತಾಫ್ ನದಾಫ.

ಗೋಡೆಯ ತುಂಬ ನಗರದ ನಕ್ಷೆ. ಬೀದಿಯಲ್ಲಿ ಮಲಗಿದ ಪ್ರತಿ ಮೈಗೂ ಒಂದು ಚುಕ್ಕೆ. ಇನ್ನೂ ಉತ್ತರ ಕೊಡದವರು ಕೆಂಪು, ದಾರಿಯಲ್ಲಿರುವವರು ಹಳದಿ. ಮನೆಯಿದ್ದೂ ಹೊರಗೆ ಮಲಗಿದವರು, ಅಂದರೆ ಕಾವಲುಗಾರರು, ಕಟ್ಟೆಯ ಮೇಲೆ ನಿದ್ದೆ ಹೋದವರು, ಹಸಿರು. ಹಸಿರು ಚುಕ್ಕೆಯನ್ನು ಯಾರೂ ನೋಡುತ್ತಿರಲಿಲ್ಲ. ನೋಡಬೇಕಾದ ಕಾರಣವೂ ಇರಲಿಲ್ಲ.

ಕೋಮಲಾ ಆ ಬೆಳಿಗ್ಗೆ ಅಂಥದೊಂದನ್ನು ನೋಡಿದ್ದು ಅದು ಮಂಕಾಗಿದೆ ಎಂಬ ಕಾರಣಕ್ಕೆ.

"ನದಾಫ್, ಈ ಚುಕ್ಕೆ ನಿನ್ನೇನೂ ಇಲ್ಲೇ ಇತ್ತು. ಗೂಡಿನ ಬಾಗ್ಲಲ್ಲೇ. ಒಳಗೆ ಒಂದು ಹಾಸಿಗೆ ಖಾಲಿ ಇದೆ."

"ಹಸಿರು ಅದಲ್ರಿ ಮ್ಯಾಡಂ. ಮನಿ ಇದ್ದಾಂವ."

"ಮನೆ ಇರೋನು ಗೂಡಿನ ಮೆಟ್ಟಿಲ ಮೇಲೆ ಯಾಕೆ ಮಲಗ್ತಾನೆ?"

"ಮನಿ ಇದ್ದವ್ರಿಗೇ ಹೊರಗ ಮಲಗೂ ಚಟ. ನಮ್ಮ ಮಾವ ಮಾಳಗಿ ಬಿಟ್ಟು ಕೆಳಗಿಳಿಯೂದಿಲ್ಲ."

"ಈ ಚಳೀಲಿ?"

"ಹಂಗಾರ ಸೊಸಿ ಜೋಡಿ ಜಗಳ ಆಗಿರಬೇಕು." ನದಾಫ ದಾಖಲೆ ತೆರೆದು ನೋಡಿದ. ದನಿಯ ಗುರುತೊಂದನ್ನು ಬಿಟ್ಟರೆ, ಜನ ಆಡಿದ ಮಾತನ್ನು ಹಾಗೆಯೇ ಕೂಡಿಡುವ ಅಧಿಕಾರ ನೆರಳಿಗೆ ಇರಲಿಲ್ಲ. ಮಾತಿನ ಸಾರವಷ್ಟೇ ಒಂದು ಸಾಲಿನಲ್ಲಿ ಉಳಿಯುತ್ತಿತ್ತು. "ನೋಡ್ರಿ. ಹೆಸರು ಫಕ್ಕೀರಪ್ಪ. ಹೊಸ ಮನೆ ಆಗಿದೆ, ಮನೆ ಸ್ವಂತ ಹೆಸರಿನಲ್ಲಿದೆ. ಅವನೇ ಎರಡೆರಡು ಸಲ ಹೇಳ್ಯಾನ."

ಕೋಮಲಾ ಒಪ್ಪಿಕೊಂಡಳು. ಆದರೂ ಕಣ್ಣು ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಕಂಬಕ್ಕೆ ಕಾಣುವುದು ಚರ್ಮದ ಬಿಸಿ, ಒಡಲಿನದಲ್ಲ. ಕಲ್ಲು ಗಾಳಿಗಿಂತ ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಚಳಿ ಹೆಚ್ಚಾದಂತೆ ಮೈ ತನ್ನ ರಕ್ತವನ್ನು ಕೈಕಾಲುಗಳಿಂದ ಒಳಕ್ಕೆ ಕರೆದುಕೊಳ್ಳುತ್ತದೆ, ಇದ್ದಷ್ಟು ಬೆಂಕಿಯನ್ನು ಗುಂಡಿಗೆಯ ಸುತ್ತ ಕಾದಿಟ್ಟುಕೊಳ್ಳುತ್ತದೆ. ಆಗ ಹೊರಗಿನಿಂದ ನೋಡುವ ಹರಳಿಗೆ ಮನುಷ್ಯನಿಗೂ ಅವನು ಮಲಗಿದ ಕಲ್ಲಿಗೂ ವ್ಯತ್ಯಾಸ ಕಡಿಮೆಯಾಗುತ್ತ ಬರುತ್ತದೆ. ಇನ್ನೂ ಸ್ವಲ್ಪ ಇಳಿದರೆ ಚುಕ್ಕೆ ನಕ್ಷೆಯಿಂದ ಅಳಿಸಿಹೋಗುತ್ತದೆ. ಎದ್ದು ಹೋದವನ ಚುಕ್ಕೆ ಅಳಿಯುವುದೂ ಹಾಗೆಯೇ.

ಸೂರ್ಯ ಹುಟ್ಟಿದ ಮೇಲೆ ಕಲ್ಲು ಕಾಯಿತು. ಚುಕ್ಕೆ ಎದ್ದು ನಾಲ್ಕು ಹೆಜ್ಜೆ ನಡೆದು ಅಳಿಯಿತು. ಅವಳು ಕುರ್ಚಿಗೆ ಒರಗಿದಳು.

*

ಕೋಮಲಾ ಬಾಡಿಗೆಗಿದ್ದದ್ದು ವಿದ್ಯಾನಗರದ ಒಂದು ಮನೆಯ ಹಿಂಭಾಗದ ಕೋಣೆಯಲ್ಲಿ. ಮುಂದೆ ಮನೆಯೊಡತಿ ಪಾರವ್ವ, ಹಿಂದೆ ಇವಳು, ನಡುವೆ ಬಟ್ಟೆ ಒಗೆಯುವ ಕಲ್ಲು. ಈ ಊರಿಗೆ ಬಂದಾಗಿನಿಂದ ಅವಳು ಒಂದು ಪಾತ್ರೆ, ಒಂದು ತಟ್ಟೆ, ಒಂದು ಲೋಟ ಇಟ್ಟುಕೊಂಡಿದ್ದಳು. ಎರಡನೆಯದು ತರಬೇಕೆಂದು ಅಂಗಡಿಗೆ ಹೋದಾಗಲೆಲ್ಲ ಅನ್ನಿಸುತ್ತಿತ್ತು, ಯಾರಿಗೆ ಎಂದು ಕೇಳಿಕೊಂಡು ಬಿಡುತ್ತಿದ್ದಳು. ಊರಿಗೆ ಫೋನ್ ಮಾಡಿದರೆ ಅಮ್ಮ ನೆರಳಿನ ಬಗ್ಗೆ ಹೆಮ್ಮೆಯಿಂದ ಕೇಳುತ್ತಿದ್ದಳು: ಎಷ್ಟೊಂದು ಜನಕ್ಕೆ ಸೂರು ಕೊಡಿಸ್ತಿದೀಯ ಮಗಳೇ. ಮಾತು ಮುಗಿದ ಮೇಲೆ ಕೋಣೆ ಮೊದಲಿಗಿಂತ ನಿಶ್ಶಬ್ದವಾಗಿರುತ್ತಿತ್ತು.

ಆ ಮಧ್ಯಾಹ್ನ ಅವಳು ಅನ್ನಕ್ಕೆ ನೀರಿಡುವಾಗ ಪಾರವ್ವ ಕಿಟಕಿಗೆ ಬಂದಳು.

"ತಂಗಿ, ನಾಳೆ ಮುಂದಿನ ಓಣ್ಯಾಗ ಲಾರಿ ನಿಂದರ್ತದ, ನೀ ಹಿಂದಿನ ದಾರೀಲೆ ಹೋಗು. ಹೊಸಮನಿಯವ್ರು ಮನಿ ಖಾಲಿ ಮಾಡಾಕತ್ತಾರ."

"ಹೊಸ ಮನೆಯೋರಾ? ಈಗಷ್ಟೇ ಗೃಹಪ್ರವೇಶ ಮಾಡಿದ್ರಲ್ಲಮ್ಮ?"

"ಆ ಹೊಸ ಮನಿ ಅಲ್ಲ. ಅದರಾಗ ಇರೋರು ಹಳೇಮನಿಯವ್ರು."

"ಹೊಸ ಮನೇಲಿ ಹಳೇ ಮನೆಯೋರು ಯಾಕಿರ್ತಾರೆ?"

"ಮತ್ತೆಲ್ಲಿರಬೇಕು? ಹೊಸಮನಿಯವ್ರು ಅದರ ಹಿಂದಿನ ಹಳೇ ಮನ್ಯಾಗ ಅದಾರ. ಅವರು ಖಾಲಿ ಮಾಡಾಕತ್ತಾರ. ದೊಡ್ಡಮನಿಯವ್ರು ಬರ್ತಾರಂತ, ಸಣ್ಣ ಸಂಸಾರ."

ಕೋಮಲಾ ಸೌಟು ಹಿಡಿದು ನಿಂತಳು. ಪಾರವ್ವ ಅವಳ ಮುಖ ನೋಡಿ ಹೊಟ್ಟೆ ಹಿಡಿದು ನಕ್ಕಳು.

"ಯವ್ವಾ, ಅವು ಅಡ್ಡಹೆಸರು. ನಿಮ್ಮ ಕಡೆ ಅಡ್ಡಹೆಸರ ಇರಂಗಿಲ್ಲೇನು?"

"ನಮ್ಮಲ್ಲಿ ಇನಿಷಿಯಲ್ ಇರತ್ತೆ. ಎಚ್. ಸಿ. ಊರಿನ ಅಕ್ಷರ, ಅಪ್ಪನ ಅಕ್ಷರ."

"ಹಂಗಾರ ಮನಿ ಹೆಸರು?"

"ಇಲ್ಲ," ಎಂದಳು ಕೋಮಲಾ. ಹೇಳುತ್ತಿದ್ದಂತೆ ಕೈ ತಡೆಯಿತು. ಒಲೆ ಆರಿಸಿದಳು.

ಕಂಬಗಳಿಗೆ ಅವಳು ಬರೆದುಕೊಟ್ಟ ಪಾಠದಲ್ಲಿ ಹೆಸರಿಗೆ ಜಾಗವಿತ್ತು, ಅದಕ್ಕಿಂತ ಮೊದಲು ಇನಿಷಿಯಲ್ಲಿಗೆ ಜಾಗವಿತ್ತು. ಹೆಸರಿನ ನಂತರ ಬರುವ ಮಾತಿಗೆ ಜಾಗವಿರಲಿಲ್ಲ. ಅವಳು ಬೆಳೆದ ಊರಿನಲ್ಲಿ ಹೆಸರಾದ ಮೇಲೆ ಹೆಸರಿನ ಇನ್ನೊಂದು ತುಂಡು ಬರುವುದಿಲ್ಲ. ಹೆಸರು ಮುಗಿದರೆ ಸುದ್ದಿ ಶುರು. ನದಾಫ ಮಾತು ತಿದ್ದಿದ್ದ, ಈ ಚೌಕಟ್ಟನ್ನು ತಿದ್ದುವ ಕೆಲಸ ಅವನಿಗೆ ಬಂದಿರಲಿಲ್ಲ. ಫಕ್ಕೀರಪ್ಪ ತನ್ನ ಅಡ್ಡಹೆಸರು ಹೇಳಿದ್ದ. ಕಂಬ ಅದನ್ನು ಸುದ್ದಿಯೆಂದು ಕೇಳಿಸಿಕೊಂಡಿತ್ತು.

ಅವಳು ಫೋನ್ ಮಾಡಿದಾಗ ನದಾಫ ಮೊದಲು ನಕ್ಕ. ದಾಖಲೆಗಳನ್ನು ತಿರುವಿ ನೋಡುತ್ತ ನಗು ನಿಂತಿತು. "ಮ್ಯಾಡಂ, ದೊಡ್ಡಮನಿ ಒಬ್ಬ ಅದಾನ. ಕಲ್ಮನಿ ಅಂತ ಒಬ್ಬಾಕಿ ಹೆಣಮಗಳು. ಎಲ್ಲಾ ಹಸಿರು. ಮನಿ ಸಿಕ್ಕವ್ರ ಲೆಕ್ಕದಾಗ ಅದಾರ."

"ಅಡ್ಡಹೆಸರಿಗೆ ಜಾಗ ಮಾಡು. ಈಗಲೇ. ಅವರಿಬ್ಬರ ಚುಕ್ಕೆ ಎಲ್ಲಿ ಕಾಣತ್ತೆ ನೋಡ್ತಾ ಇರು. ನಾನು ಇವನ ಹತ್ರ ಹೋಗ್ತೀನಿ."

"ಮಾಡ್ತೇನ್ರಿ. ಆದ್ರ ಆಗಿದ್ದು ಅಳಿಸಾಕ ಬರಂಗಿಲ್ಲ, ನಿಮಗ ಗೊತ್ತದಲ್ಲ."

ಗೊತ್ತಿತ್ತು. ಒಬ್ಬರ ಬಗ್ಗೆ ಇನ್ನೊಬ್ಬರು ನೆರಳಿನಲ್ಲಿ ಏನನ್ನೂ ಬರೆಯುವಂತಿರಲಿಲ್ಲ. ಪೊಲೀಸರಾಗಲಿ, ದಾಯಾದಿಗಳಾಗಲಿ, ನಿಯಂತ್ರಣ ಕೊಠಡಿಯವರಾಗಲಿ. ಮನೆ ಇದೆ ಎಂದು ದಾಖಲಾದ ಮೇಲೆ ಅದನ್ನು ಬದಲಿಸಲು ಅವರೇ ಕಂಬದೆದುರು ನಿಂತು ಹೇಳಬೇಕು: ನನಗೆ ಮನೆ ಇಲ್ಲ.

*

ಅವಳು ಸಂತೆ ಮೈದಾನ ತಲುಪಿದಾಗ ದೀಪಗಳು ಆಗಷ್ಟೇ ಹೊತ್ತಿದ್ದವು. ಫಕ್ಕೀರಪ್ಪ ಪಾವಟಿಗೆಯ ಮೇಲೆ ಹೊದಿಕೆ ಸುತ್ತಿಕೊಂಡು ಕೂತಿದ್ದ. ನಕ್ಷೆಯಲ್ಲಿ ಬೆರಳ ತುದಿಯಷ್ಟಿದ್ದ ಮನುಷ್ಯ ಇಲ್ಲಿ ಎತ್ತರದ ಆಳು. ರೊಟ್ಟಿ ಬಡಿದು ಅಗಲವಾದ ಅಂಗೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡಿದ್ದ. ತುಟಿ ಒಣಗಿ ಬಿಳಿಚಿತ್ತು.

ಅವಳು ತಾನು ಯಾರೆಂದು ಹೇಳಿದಳು. ಆದ ತಪ್ಪನ್ನೂ ಹೇಳಿದಳು.

"ಹಂಗೇನು," ಎಂದ ಅವನು. ಹೊದಿಕೆಯನ್ನು ಹೆಗಲಿಗೆ ಎಳೆದುಕೊಂಡು, "ನಾ ಏನೋ ಅನಬಾರದ್ದು ಅಂದೇನಿ ಅಂತ ತಿಳದಿದ್ದೆ. ದಿನಾ ಮಾತಾಡ್ತಿತ್ತು, ಒಮ್ಮಿಗ್ಲೇ ಬಿಟ್ಟಬಿಡ್ತು," ಎಂದ.

"ಈಗ ಸರಿ ಹೋಗತ್ತೆ. ನೀವು ಬಾಗ್ಲಿಗೆ ಒಂದೇ ಒಂದು ಮಾತು ಹೇಳ್ಬೇಕು. ನನಗೆ ಮನೆ ಇಲ್ಲ ಅಂತ."

ಫಕ್ಕೀರಪ್ಪ ಬಾಗಿಲ ಕಡೆ ನೋಡಿದ. ಅವಳ ಕಡೆ ನೋಡಿದ. "ಹಂಗ ಅನ್ನಾಂಗಿಲ್ರಿ ಬಾಯಾರ."

"ಯಾಕೆ?"

"ಅನಬಾರದು. ನಮ್ಮವ್ವ ಮಡಿಕ್ಯಾಗ ಒಂದು ಕಾಳಿಲ್ಲದಾಗೂ ಜ್ವಾಳ ಇಲ್ಲ ಅಂದಾಕಿ ಅಲ್ಲ. ಜ್ವಾಳ ಹೆಚ್ಚಾದ್ವು ಅಂತಿದ್ಲು. ದೀಪ ಆರಸು ಅಂತಿದ್ದಿಲ್ಲ, ದೊಡ್ಡದು ಮಾಡು ಅಂತಿದ್ಲು. ಇಲ್ಲ ಅಂದ್ರ ಇಲ್ಲಾ ಆಗ್ತದ."

"ಅದು ಯಂತ್ರ, ಫಕ್ಕೀರಪ್ಪನೋರೇ. ಅದಕ್ಕೆ ಇದೆಲ್ಲ ಗೊತ್ತಾಗಲ್ಲ."

"ಹೇಳೂ ಬಾಯಿ ನಂದ ಅದಲ್ರಿ."

"ಹಾಗಾದ್ರೆ ಮನೆ ಹೆಚ್ಚಾಯ್ತು ಅನ್ನಿ," ಎಂದಳು.

ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. "ಅದು ಎರಡು ಮನಿ ಅಂತ ಬರಕೋತದ. ಒಂದಕ್ಕ ಈ ಗತಿ ಆಗೇದ."

ಅವಳು ಮತ್ತೆ ಬಿಡಿಸಿ ಹೇಳಿದಳು. ಬೇಡಿಕೊಂಡಳು. ಇವತ್ತು ಚಳಿ ಇನ್ನೂ ಇಳಿಯುತ್ತದೆ ಎಂದಳು. ಅವನು ಸಿಟ್ಟಾಗಲಿಲ್ಲ. ಅವಳ ಮಾತಿಗೆಲ್ಲ ತಲೆಯಾಡಿಸಿದ, ಅದೊಂದನ್ನು ಬಿಟ್ಟು. "ಹೊಸಮನಿ ಅಂತ ಹೆಸರ ಇಟಗೊಂಡು ಮನಿ ಇಲ್ಲ ಅಂದ್ರ, ಕಟ್ಟಿದಾವ ಯಾರೋ ನಮ್ಮ ಮುತ್ತ್ಯಾ, ಅವನ ಬಾಯಾಗ ಮಣ್ಣು ಹಾಕಿದಂಗ," ಎಂದ. "ನೀವು ಹೋಗ್ರಿ. ಕತ್ತಲಾಗಾಕತ್ತದ. ಹೆಣಮಕ್ಕಳು ಎಷ್ಟೋತನಕ ನಿಂದರತೀರಿ."

ಕೋಮಲಾ ಪಾವಟಿಗೆಯ ಮೇಲೆ ಕೂತಳು. ಕಲ್ಲಿನ ತಂಪು ಬಟ್ಟೆಯನ್ನು ದಾಟಿ ಕೂಡಲೇ ಮೈಗೆ ಹತ್ತಿತು. ಅವನ ಸ್ಥಿತಿಯನ್ನು ಬದಲಿಸುವ ಅಧಿಕಾರ ತನಗಿಲ್ಲ. ಪ್ರಶ್ನೆಯನ್ನು ಬದಲಿಸುವ ಅಧಿಕಾರ ಇದೆ. ಮನೆ ಇದೆಯೋ ಇಲ್ಲವೋ ಎಂದು ನೆರಳು ಯಾಕೆ ಕೇಳಬೇಕು? ಅದಕ್ಕೆ ಬೇಕಾದದ್ದು ಒಂದು ರಾತ್ರಿಯ ಸಂಗತಿ.

ಅವಳು ನದಾಫನಿಗೆ ಫೋನ್ ಮಾಡಿದಳು. "ಎಲ್ಲಾ ಕಂಬ, ಎಲ್ಲಾ ಬಾಗ್ಲು. ಮನೆ ಇದೆಯಾ ಅನ್ನೋ ಪ್ರಶ್ನೆ ತೆಗೆದುಬಿಡು. ಇವತ್ತು ಎಲ್ಲಿ ಮಲಗ್ತೀರಿ ಅಂತ ಕೇಳ್ಲಿ. ಜೊತೆಗೆ ಯಾರಿದ್ದಾರೆ ಅಂತ ಕೇಳ್ಲಿ, ಹಾಸಿಗೆ ಎಷ್ಟು ಬೇಕು ಅಂತ ತಿಳಿಯೋಕೆ. ಹಸಿರಿನವರನ್ನೂ ಕೇಳ್ಲಿ, ಎಲ್ಲರನ್ನೂ ಕೇಳ್ಲಿ. ಉತ್ತರ ಆ ಒಂದು ರಾತ್ರಿಗೆ ಮಾತ್ರ."

"ಮಂದಿ ಬೈತಾರ್ರಿ. ಕಾವಲಿನವ್ರನ್ನೂ ಎಬ್ಬಿಸಿ ಕೇಳ್ತದ."

"ಬೈಯ್ಲಿ."

ಅವರಿಬ್ಬರೂ ಕಾದರು. ಫಕ್ಕೀರಪ್ಪ ತನ್ನ ಹೊದಿಕೆಯ ಒಂದು ತುದಿಯನ್ನು ಕಲ್ಲಿನ ಮೇಲೆ ಅವಳ ಕಡೆಗೆ ಸರಿಸಿ, "ಅದರ ಮ್ಯಾಲ ಕುಂದರ್ರಿ," ಎಂದ. ನಿಮ್ಮ ಕಡೆ ರೊಟ್ಟಿ ಮಾಡುತ್ತಾರೋ ಇಲ್ಲವೋ ಎಂದು ಕೇಳಿದ. ರಾಗಿಮುದ್ದೆ ಎಂದಾಗ, ಅದನ್ನು ಅಗಿಯದೆ ನುಂಗುವುದು ನಿಜವೇ ಎಂದು ಬಹಳ ಕಾಳಜಿಯಿಂದ ವಿಚಾರಿಸಿದ.

ಬಾಗಿಲಿನ ಮೇಲಿನ ಸಣ್ಣ ದೀಪ ಆರಿ ಮತ್ತೆ ಹೊತ್ತಿತು.

ಫಕ್ಕೀರಪ್ಪ ಎದ್ದು ನಿಂತ. ಮೊಣಕಾಲು ಹಿಡಿದಿತ್ತು, ಗೋಡೆಗೆ ಕೈಯೂರಿದ. "ಫಕ್ಕೀರಪ್ಪ ಹೊಸಮನಿ," ಎಂದ. ದನಿ ಸಣ್ಣದಾಗಿತ್ತು.

"ಬರ್ರಿ ಹೊಸಮನಿಯವರ," ಎಂದಿತು ಬಾಗಿಲು. "ಇವತ್ತ ಎಲ್ಲಿ ಮಲಗ್ತೀರಿ?"

"ನೀ ಬಾಗಲಾ ತಗದ್ರ ಒಳಗ. ತಗೀದಿದ್ರ ಇಲ್ಲೇ."

"ಜೋಡಿ ಯಾರರೆ ಅದಾರೇನ್ರಿ?"

"ಒಳಗ ಇನ್ನೊಬ್ಬ ಫಕ್ಕೀರಪ್ಪ ಅದಾನಲ್ಲ."

ಬಾಗಿಲು ತೆರೆಯಿತು. ಒಳಗಿನ ಬೆಚ್ಚನೆಯ ಗಾಳಿ, ಸಾಬೂನಿನ ವಾಸನೆ ಹೊರಗೆ ಬಂತು. ಯಾರೋ, "ಬಂದಿ ಏನ ಕಾಕಾ? ಗೃಹಪ್ರವೇಶದ ಊಟ ಎಲ್ಲಿ?" ಎಂದು ಕೂಗಿದರು. ನಾಲ್ಕಾರು ಜನ ನಕ್ಕರು. ಫಕ್ಕೀರಪ್ಪ ಕಲ್ಲಿನ ಮೇಲಿದ್ದ ಹೊದಿಕೆ ಎತ್ತಿಕೊಂಡ. ಅವಳಿಗೆ ಕೈಮುಗಿದ. ಏನೋ ಹೇಳಬೇಕೆಂದು ನಿಂತವನನ್ನು ಒಳಗಿನಿಂದ ಒಂದು ಕೈ ಹಿಡಿದೆಳೆಯಿತು. ಬಾಗಿಲು ಮುಚ್ಚಿಕೊಂಡಿತು.

ಕೋಮಲಾ ಫೋನ್ ತೆಗೆದು ನಕ್ಷೆ ನೋಡಿದಳು. ಗೂಡಿನ ಹಾಸಿಗೆ ತುಂಬಿತ್ತು. ರೈಲು ನಿಲ್ದಾಣದ ಕಡೆ ಒಂದು ಹಸಿರು ಚುಕ್ಕೆ ಹಳದಿಗೆ ತಿರುಗಿ ನಡೆಯುತ್ತಿತ್ತು. ಕಲ್ಮನಿಯೋ ದೊಡ್ಡಮನಿಯೋ ಇರಬೇಕು. ಗೋಡೆಯ ಆಚೆ ಮಾತು, ಪಾತ್ರೆಯ ಸದ್ದು, ಕೆಮ್ಮು. ಎದ್ದು ಹೋಗಬೇಕಿತ್ತು. ಕಾಲಿಗೆ ಜೋಮು ಹಿಡಿದಿದ್ದರಿಂದ ಇನ್ನೂ ತುಸು ಹೊತ್ತು ಕೂತಳು.

"ಊಟ ಆತೇನ್ರಿ?" ಎಂದಿತು ಬಾಗಿಲು.

ಅದಕ್ಕೆ ಅವಳ ದನಿಯ ಗುರುತಿರಲಿಲ್ಲ. ಕಲ್ಲಿನ ಮೇಲೆ ಒಂದು ಮೈ ಹೊತ್ತುಗಟ್ಟಲೆ ಇದೆ, ಅಷ್ಟೇ ಅದಕ್ಕೆ ಗೊತ್ತಿದ್ದದ್ದು.

"ಆಗ್ಬೇಕು."

"ಇವತ್ತ ಎಲ್ಲಿ ಮಲಗ್ತೀರಿ?"

"ರೂಮಲ್ಲಿ," ಎಂದಳು ಕೋಮಲಾ.

"ಜೋಡಿ ಯಾರರೆ ಅದಾರೇನ್ರಿ?"

ಪ್ರಶ್ನೆ ಅವಳದೇ. ಇಲ್ಲ ಎಂದು ಬಾಯಿ ತೆರೆದಳು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು, ಮುಂದೆ ಬರಲಿಲ್ಲ. ಮೈದಾನದಲ್ಲಿ ಅಂಗಡಿಯವರು ಟಾರ್ಪಾಲು ಮಡಚುತ್ತಿದ್ದರು. ಬಾಗಿಲು ಅವಸರ ಮಾಡದೆ ಕಾಯುತ್ತಿತ್ತು. ಕಾಯುವುದನ್ನು ಅದಕ್ಕೆ ಚೆನ್ನಾಗಿ ಕಲಿಸಿದ್ದರು.

"ಇದಾರೆ," ಎಂದು ಹೇಳಿ ಅವಳು ಬಸ್ ನಿಲ್ದಾಣದ ಕಡೆ ನಡೆದಳು.